ಮಳೆಗಾಲದಲ್ಲಿ ಬಿಗಿಯುವ, ಬೇಸಿಗೆಯಲ್ಲಿ ಬಿರಿಯುವ ತಲೆಬಾಗಿಲು: ದುರಸ್ತಿ ಮಾಡುವ ಬಗೆ

ಕಲಬುರಗಿಯ ನಮ್ಮ ಮನೆಯ ತಲೆಬಾಗಿಲು ಪಶ್ಚಿಮಕ್ಕೆ ಮುಖ ಮಾಡಿದೆ. ಸಾಗವಾನಿ ಕದ, ಹೊಸ್ತಿಲಿನ ಆಚೀಚೆ ಶಹಾಬಾದ್ ಕಲ್ಲಿನ ನೆಲ. ಒಂದು ಆಗಸ್ಟ್‌ನಲ್ಲಿ ಅದು ಎಷ್ಟು ಬಿಗಿಯಿತೆಂದರೆ ಭುಜ ಕೊಟ್ಟು ನೂಕಿದರೆ ಮಾತ್ರ ತೆರೆಯುತ್ತಿತ್ತು. ಬಡಿಗರೊಬ್ಬರನ್ನು ಕರೆಸಿದೆವು. ಅವರು ಬೀಗದ ಕಡೆಯ ಅಂಚನ್ನು 6 ಮಿಲಿಮೀಟರಿನಷ್ಟು ಹೆರೆದರು. ಕದ ಒಂದು ಬೆರಳಿಗೆ ಸರಿಯತೊಡಗಿತು, ಎಲ್ಲರಿಗೂ ಸಮಾಧಾನವಾಯಿತು. ಮುಂದಿನ ಏಪ್ರಿಲ್‌ನಲ್ಲಿ ಅದೇ ಅಂಚಿನಲ್ಲಿ 8 ಮಿಲಿಮೀಟರ್ ಸಂದು ಬಿಟ್ಟಿತ್ತು. ಮಧ್ಯಾಹ್ನದ ಬಿಸಿಗಾಳಿಯೂ ಎರೆಮಣ್ಣಿನ ದೂಳೂ ಒಳಗೆ ನುಗ್ಗುತ್ತಿದ್ದವು. ಅದಕ್ಕಿಂತ ಹೆಚ್ಚಿನ ಆತಂಕವೆಂದರೆ, ಬೀಗದ ನಾಲಿಗೆ ಚೌಕಟ್ಟಿನ ತೂತಿಗೆ ತುದಿಯಷ್ಟೇ ತಾಗುತ್ತಿತ್ತು.

ಕಲಬುರಗಿ, ಬೀದರ್, ವಿಜಯಪುರ, ರಾಯಚೂರಿನಂಥ ಊರುಗಳಲ್ಲಿ ಹೊರಬಾಗಿಲಿನ ದುರಸ್ತಿಗೆ ಬಡಿಗರ ಕೈ ಎಷ್ಟು ಮುಖ್ಯವೋ ತಿಂಗಳೂ ಅಷ್ಟೇ ಮುಖ್ಯ ಎಂಬುದು ನನಗೆ ಅಂದು ಗೊತ್ತಿರಲಿಲ್ಲ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಡಿಸೆಂಬರ್ ರಾತ್ರಿ 12ರ ಆಸುಪಾಸಿಗೆ ಇಳಿಯುತ್ತದೆ, ನಡುವೆ ಮೂರು ನಾಲ್ಕು ತಿಂಗಳು ತೇವದ ಗಾಳಿ. ಈ ಮೂರನ್ನೂ ಒಂದೇ ಕದ ತಡೆದುಕೊಳ್ಳಬೇಕು. ಆದ್ದರಿಂದ ಯಾವ ಕೆಲಸವನ್ನು ಯಾವಾಗ ಮಾಡಬೇಕು ಎಂಬುದನ್ನೂ ಸೇರಿಸಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮರ ಹಿಗ್ಗುವುದು ಬಿಸಿಲಿಗಲ್ಲ, ತೇವಕ್ಕೆ

ಬಿಸಿಲಿಗೆ ಬಾಗಿಲು ಹಿಗ್ಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಕಬ್ಬಿಣಕ್ಕೆ ಆ ಮಾತು ಸರಿ, ಮರಕ್ಕೆ ಸಲ್ಲದು. ಬಿಸಿಲು ಮರವನ್ನು ಒಣಗಿಸುತ್ತದೆ, ಒಣಗಿದ ಮರ ಕುಗ್ಗುತ್ತದೆ. ಮಳೆಗಾಲದ ಗಾಳಿಯಿಂದ ತೇವ ಹೀರಿದಾಗ ಹಿಗ್ಗುತ್ತದೆ. ಅದೂ ಎಳೆಯ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಹಿಗ್ಗು ಕುಗ್ಗೆಲ್ಲ ಎಳೆಗೆ ಅಡ್ಡಲಾಗಿ. ನಮ್ಮ ಕಡೆ ಹೊರಬಾಗಿಲಿನ ಮರದಲ್ಲಿ ಬೇಸಿಗೆಯ ಕೊನೆಗೆ ಶೇಕಡ 7-8ರಷ್ಟು ತೇವವಿದ್ದರೆ, ಮಳೆಗಾಲದ ಕೊನೆಗೆ ಅದು 13-14ಕ್ಕೆ ಏರಬಹುದು.

ಇದರಿಂದ ಒಂದು ಸರಳ ಲೆಕ್ಕ ಸಿಗುತ್ತದೆ. 900 ಮಿಲಿಮೀಟರ್ ಅಗಲದ, ನಿಲುವು ಹಲಗೆಗಳನ್ನೇ ಜೋಡಿಸಿ ಮಾಡಿದ ಹಳೆಯ ಹಳ್ಳಿಮನೆಯ ಬಾಗಿಲು ಸಾಗವಾನಿಯದೇ ಆದರೂ ವರ್ಷದಲ್ಲಿ 8ರಿಂದ 10 ಮಿಲಿಮೀಟರ್ ಓಡಾಡಬಲ್ಲದು. ಬೇವು, ಜಾಲಿಯಂಥ ಮರ ಸಾಗವಾನಿಗಿಂತ ಹೆಚ್ಚು ಓಡಾಡುತ್ತದೆ. ಆದರೆ ಎರಡು ನಿಲುವು ಪಟ್ಟಿ, ನಡುವೆ ಅಡ್ಡಪಟ್ಟಿ, ಅವುಗಳ ಕಚ್ಚಿನಲ್ಲಿ ಸಡಿಲವಾಗಿ ಕೂತ ಒಳಹಲಗೆ ಇರುವ ಚೌಕಟ್ಟು ಕದದಲ್ಲಿ ಅಗಲ ಬದಲಾಗುವುದು ಆ ಎರಡು ನಿಲುವು ಪಟ್ಟಿಗಳಿಂದ ಮಾತ್ರ. ಒಂದೊಂದು 100 ಮಿಲಿಮೀಟರ್ ಅಗಲ ಎಂದರೂ ಒಟ್ಟು 2 ಮಿಲಿಮೀಟರ್ ಅಷ್ಟೇ. ಹಿಂದಿನ ಬಡಿಗರು ಒಳಹಲಗೆಗೆ ಮೊಳೆ ಹೊಡೆಯದೆ, ಅಂಟು ಹಾಕದೆ ಬಿಟ್ಟದ್ದು ಇದೇ ಕಾರಣಕ್ಕೆ. ಅದು ತನ್ನ ಕಚ್ಚಿನೊಳಗೆ ಹಿಗ್ಗಲಿ, ಕುಗ್ಗಲಿ ಎಂದು ಜಾಗ ಕೊಟ್ಟಿದ್ದಾರೆ. ಅಲುಗಾಡುತ್ತದೆ ಎಂದು ಅದಕ್ಕೆ ಮೊಳೆ ಬಡಿದರೆ ಮುಂದಿನ ಬೇಸಿಗೆಯಲ್ಲಿ ಹಲಗೆ ನಟ್ಟನಡುವೆ ಸೀಳುತ್ತದೆ.

ಮೊದಲು ತೊಂದರೆ ಎಲ್ಲಿದೆ ನೋಡಿ

ಉಪಕರಣ ಮುಟ್ಟುವ ಮೊದಲು ಕದವನ್ನು ಮುಚ್ಚಿ ಅದರ ಎದುರು ಐದು ನಿಮಿಷ ನಿಲ್ಲಿ. ಮೇಲೆ, ಕೆಳಗೆ, ಎರಡೂ ಪಕ್ಕ ಸಂದು ಎಷ್ಟಿದೆ ಎಂದು ಉಕ್ಕಿನ ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ಪಕ್ಕದ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಸಣ್ಣದಾಗಿದ್ದರೆ ಮರ ಹಿಗ್ಗಿದೆ. ಬೀಗದ ಕಡೆ ಮೇಲ್ಮೂಲೆ ಉಜ್ಜುತ್ತಿದ್ದು ಕೆಳಗಿನ ಮೂಲೆ ನೆಲಕ್ಕೆ ತಾಗುತ್ತಿದ್ದರೆ ಕದ ಜೋತು ಬಿದ್ದಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಉಜ್ಜುವ ಜಾಗ ಕಣ್ಣಿಗೆ ಕಾಣದಿದ್ದರೆ ಚೌಕಟ್ಟಿನ ಒಳಅಂಚಿಗೆ ಸೀಮೆಸುಣ್ಣ ಬಳಿದು ಬಾಗಿಲನ್ನು ಎರಡು ಮೂರು ಸಲ ಹಾಕಿ ತೆಗೆಯಿರಿ. ಕದದ ಮೇಲೆ ಬಿಳಿ ಹತ್ತಿದ ಜಾಗವೇ ತಾಗುವ ಜಾಗ. ಚೌಕಟ್ಟು ನೆಟ್ಟಗಿದೆಯೇ ಎಂಬುದನ್ನು ತೂಗುಗುಂಡಿನಿಂದ ನೋಡಿ. ಎರೆಭೂಮಿಯ ಮೇಲೆ ಕಟ್ಟಿದ ಮನೆಗಳಲ್ಲಿ ಇದನ್ನು ಬಿಡಲೇಬಾರದು. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಗೋಡೆಯನ್ನೇ ಅಲುಗಿಸುತ್ತದೆ. ಬಾಗಿಲ ಮೇಲ್ಮೂಲೆಯಿಂದ ಗೋಡೆಯಲ್ಲಿ ಓರೆಯಾಗಿ ಬಿರುಕು ಹೊರಟಿದ್ದು ಅದು ವರ್ಷ ವರ್ಷ ಅಗಲವಾಗುತ್ತಿದ್ದರೆ ಬಡಿಗರಿಗಿಂತ ಮೊದಲು ಎಂಜಿನಿಯರ್ ಬಂದು ನೋಡಬೇಕು.

ಕದ ತಿರುಚಿಕೊಂಡಿದೆಯೇ ತಿಳಿಯಲು ಮೂಲೆಯಿಂದ ಮೂಲೆಗೆ ಎರಡು ದಾರಗಳನ್ನು ಬಿಗಿಯಾಗಿ, ಒಂದರ ಮೇಲೊಂದು ಹಾಯುವಂತೆ ಎಳೆಯಿರಿ. ಮೇಲಿನ ದಾರ ಕೆಳಗಿನದನ್ನು ಒತ್ತದೆ ಬರಿದೇ ತಾಗಿದರೆ ಕದ ಸಪಾಟಾಗಿದೆ. ನಡುವೆ ಅಂತರ ಉಳಿದರೆ, ಅಥವಾ ಒಂದು ದಾರ ಇನ್ನೊಂದನ್ನು ಒತ್ತಿದರೆ, ತಿರುಚಿದೆ. ಸ್ವಲ್ಪ ತಿರುಚಿದ ಕದವನ್ನು ಭಾರ ಹೇರಿ ನೆಟ್ಟಗೆ ಮಾಡುವ ಸಾಹಸ ಬೇಡ. ಅದು ಬಂದು ಕೂರುವ ತಡೆಪಟ್ಟಿಯನ್ನು ಕಿತ್ತು, ಕದದ ಈಗಿನ ಆಕಾರಕ್ಕೆ ಹೊಂದುವಂತೆ ಮತ್ತೆ ಬಡಿದರೆ ಸಾಕು.

ಕೀಲು ಮೊದಲು, ಉಳಿದದ್ದು ಆಮೇಲೆ

ನಮ್ಮ ಕಡೆ ಬಿಜಾಗರಿ ಎನ್ನುವ ಕೀಲುಗಳನ್ನು ಪರೀಕ್ಷಿಸದೆ ಯಾರೂ ಮರ ಹೆರೆಯುವ ಹತ್ತರಿ ಹಿಡಿಯಬಾರದು. ಕದವನ್ನು ಅರ್ಧ ತೆರೆದು, ಹಿಡಿಕೆಯನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ನೋಡಿ. ಕದ ಒಂದಿಷ್ಟು ಮೇಲೆದ್ದು ಕೆಳಗಿಳಿದರೆ ಕೀಲು ಸಡಿಲವಾಗಿದೆ. ನಮ್ಮ ಬಾಗಿಲಿನ ವಿಷಯದಲ್ಲಿ ಆದದ್ದು ಇದೇ ಎಂದು ಆಮೇಲೆ ತಿಳಿಯಿತು. ಮೇಲಿನ ಕೀಲಿನ ಎರಡು ಸ್ಕ್ರೂಗಳು ತೂತಿನಲ್ಲಿ ಬರಿದೇ ತಿರುಗುತ್ತಿದ್ದವು. ಅವೆರಡನ್ನು ಬಿಗಿ ಮಾಡಿದ್ದರೆ 6 ಮಿಲಿಮೀಟರ್ ಸಾಗವಾನಿ ಉಳಿಯುತ್ತಿತ್ತು.

ಸಡಿಲಾದ ತೂತಿಗೆ ಉದ್ದ ಸ್ಕ್ರೂ ತುರುಕುವ ಮೊದಲು ತೂತನ್ನು ತುಂಬಬೇಕು. ಕದದ ಕೆಳಗೆ ಬೆಣೆ ಇಟ್ಟು ಭಾರ ಆನಿಸಿ. ಒಂದು ಸಲಕ್ಕೆ ಒಂದೇ ಸ್ಕ್ರೂ ತೆಗೆಯಿರಿ. ತೂತಿನ ಪುಡಿಯನ್ನು ಊದಿ ತೆಗೆದು, ಒಣಬಿದಿರನ್ನು ಅಗರಬತ್ತಿಯ ಕಡ್ಡಿಗಿಂತ ತುಸು ದಪ್ಪಗೆ ಸೀಳಿ, ನೀರಿಗೆ ಕರಗದ ಮರದ ಅಂಟಿನಲ್ಲಿ ಅದ್ದಿ, ಇನ್ನು ಒಂದೂ ಹಿಡಿಯದು ಎನ್ನುವವರೆಗೆ ಸುತ್ತಿಗೆಯಿಂದ ಬಡಿದು ಕೂರಿಸಿ. ಬೆಂಕಿಕಡ್ಡಿಯನ್ನು ನಾನು ಬಳಸುವುದಿಲ್ಲ, ಅದರ ಮರ ತೀರ ಮೆತ್ತಗೆ. ಹೊರಗುಳಿದ ತುದಿಗಳನ್ನು ಉಳಿಯಿಂದ ಸಮ ಮಾಡಿ ಒಂದು ರಾತ್ರಿ ಒಣಗಲು ಬಿಡಿ. ಮರುದಿನ 3 ಮಿಲಿಮೀಟರ್ ಡ್ರಿಲ್‌ನಿಂದ ದಾರಿ ಮಾಡಿ, ಸ್ಕ್ರೂವಿಗೆ ಮೇಣ ಸವರಿ ತಿರುಗಿಸಿ. ಹಿತ್ತಾಳೆಯ ಸ್ಕ್ರೂ ಆದರೆ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ತೆಗೆಯಿರಿ, ಆಮೇಲೆ ಹಿತ್ತಾಳೆಯದನ್ನು ಹಾಕಿ. ನೇರವಾಗಿ ಹಾಕಲು ಹೋದರೆ ಸಾಗವಾನಿಯ ಗಟ್ಟಿತನಕ್ಕೆ ಹಿತ್ತಾಳೆಯ ತಲೆ ಮುರಿದು ಒಳಗೇ ಉಳಿಯುತ್ತದೆ.

ಇಷ್ಟಾದ ಮೇಲೂ ಬೀಗದ ಕಡೆಯ ಮೇಲ್ಮೂಲೆ ತಾಗುತ್ತಿದ್ದರೆ, ಕೆಳಗಿನ ಕೀಲಿನ ಹಿಂದೆ ರಟ್ಟಿನ ಒಂದು ತೆಳು ತುಂಡನ್ನು ಕೊಡಿ. ಕದದ ಬುಡ ಸ್ವಲ್ಪ ಹೊರಕ್ಕೆ ಸರಿಯುತ್ತದೆ, ಮೇಲ್ಮೂಲೆ ಚೌಕಟ್ಟಿನಿಂದ ದೂರವಾಗುತ್ತದೆ.

ಆಗಸ್ಟ್‌ನಲ್ಲೇ ಬಿಗಿದರೆ

ಕೀಲು ಸರಿಯಿದ್ದೂ ಮಳೆಗಾಲದಲ್ಲಿ ಕದ ಬಿಗಿದರೆ ಆ ತಿಂಗಳು ಮಾಡಬೇಕಾದದ್ದು ತೀರ ಕಡಿಮೆ. ಸೀಮೆಸುಣ್ಣ ತೋರಿಸಿದ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಮೇಣದ ಬತ್ತಿಯನ್ನೋ ಒಣ ಸಾಬೂನನ್ನೋ ಒತ್ತಿ ಸವರಿ. ಅದರಿಂದಲೂ ಆಗದಿದ್ದರೆ ತಾಗುವ ಜಾಗದಲ್ಲಿ ಮಾತ್ರ 1 ಮಿಲಿಮೀಟರ್ ತೆಗೆಯಿರಿ, ಅದಕ್ಕಿಂತ ಹೆಚ್ಚು ಬೇಡ. ತೆರೆದ ಹಸಿ ಮರಕ್ಕೆ ಅಂದೇ ಒಂದು ಕೈ ವಾರ್ನಿಷ್ ಕೊಡಿ, ಇಲ್ಲದಿದ್ದರೆ ಅದೇ ಜಾಗದಿಂದ ಮತ್ತಷ್ಟು ತೇವ ಒಳಗಿಳಿಯುತ್ತದೆ. ಉಳಿದ ಕೆಲಸ ಡಿಸೆಂಬರ್‌ಗೆ ಇರಲಿ. ಮನೆಯವರ ಒತ್ತಾಯಕ್ಕೆ, ಬಂದ ಬಡಿಗರ ಅವಸರಕ್ಕೆ ಮಣಿಯಬೇಡಿ.

ಹೆರೆಯುವ ಕೆಲಸ: ಡಿಸೆಂಬರ್, ಜನವರಿ

ಆ ಹೊತ್ತಿಗೆ ಮರದ ತೇವ ಎರಡು ತುದಿಗಳ ನಡುವೆ ಇರುತ್ತದೆ. ಚೌಕಟ್ಟು ಕದಕ್ಕೆ ಬೀಗದ ಕಡೆ 3 ಮಿಲಿಮೀಟರ್, ಹಲಗೆ ಬಾಗಿಲಿಗೆ 5 ಮಿಲಿಮೀಟರ್, ಕೆಳಗೆ 5-6 ಮಿಲಿಮೀಟರ್ ಸಂದು ಉಳಿಯುವಂತೆ ಹೆರೆಯಿರಿ. ಹಲಗೆ ಬಾಗಿಲಿಗೆ ಬೇಸಿಗೆಯಲ್ಲಿ ಸಂದು ದೊಡ್ಡದಾಗುವುದು ಸಹಜ. ಅದನ್ನು ಮರೆಮಾಡಲು ಒಂದು ಮುಚ್ಚುಪಟ್ಟಿ ಹಾಕಬಹುದು, ಆದರೆ ಆ ಪಟ್ಟಿ ಕದಕ್ಕೆ ಮಾತ್ರ ಅಂಟಿರಬೇಕು.

ದಪ್ಪ ಸಾಗವಾನಿ ಕದ 40 ಕಿಲೋ ತೂಗಬಲ್ಲದು; ಒಬ್ಬರೇ ಇಳಿಸಬೇಡಿ. ಬೆಳಿಗ್ಗೆ ಇಳಿಸಿ ಸಂಜೆಗೆ ಮತ್ತೆ ನೇತುಹಾಕುವಂತೆ ಕೆಲಸ ಹಂಚಿಕೊಳ್ಳಿ, ತಲೆಬಾಗಿಲಿಲ್ಲದೆ ರಾತ್ರಿ ಕಳೆಯಲಾಗುವುದಿಲ್ಲ. ಕದದೊಳಗೆ ಬೀಗ ಕೂರಿಸಿದ್ದರೆ ಬೀಗದ ಅಂಚನ್ನು ಬಿಟ್ಟು ಕೀಲಿನ ಅಂಚನ್ನು ಹೆರೆಯುವುದೇ ವಾಸಿ. ಕೀಲಿನ ಗುಂಡಿಗಳನ್ನು ಉಳಿಯಿಂದ ಮತ್ತೆ ಆಳ ಮಾಡಬೇಕಾಗುತ್ತದೆ, ಅಷ್ಟೇ. ಬೀಗದ ಅಂಚನ್ನೇ ಹೆರೆಯಬೇಕಾಗಿ ಬಂದರೆ ಕದ ಮುಚ್ಚುವಾಗ ಚೌಕಟ್ಟಿನತ್ತ ಮೊದಲು ಹೋಗುವ ಮೂಲೆ ಸುಮಾರು 1.5 ಮಿಲಿಮೀಟರ್ ಒಳಸರಿಯುವಂತೆ ಅಂಚಿಗೆ ಓರೆ ಕೊಡಿ. ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ ಹತ್ತರಿಯನ್ನು ಎರಡೂ ತುದಿಗಳಿಂದ ನಡುವಿನ ಕಡೆಗೆ ನಡೆಸಿ. ಒಂದೇ ಸಮನೆ ಆಚೆಯವರೆಗೂ ಓಡಿಸಿದರೆ ನಿಲುವು ಪಟ್ಟಿಯ ಹೊರ ಎಳೆ ಸಿಗಿದು ಬರುತ್ತದೆ.

ಎರಡೂ ಮುಖ ಸಪಾಟಾಗಿ ಪ್ಲೈವುಡ್ ಹೊದಿಸಿದ ಫ್ಲಶ್ ಡೋರ್ ಆದರೆ ಹೆರೆಯುವ ಅವಕಾಶ ಬಹಳ ಕಡಿಮೆ. ಅಂಚಿನ ಮರದ ಪಟ್ಟಿ ತೆಳುವಾಗಿರುತ್ತದೆ. ಅದು ಸವೆದರೆ ಒಳಗಿನ ಪದರ ತೆರೆದುಕೊಳ್ಳುತ್ತದೆ. ಹೊರಗಡೆಗೆ ಹೊಸದಾಗಿ ಕೊಳ್ಳುವವರು ಇಂಥ ಬಾಗಿಲಿನ ಭಾರತೀಯ ಮಾನಕವಾದ ಐಎಸ್ 2202ರ ಗುರುತು ನೋಡಿ, ನೀರು ತಡೆಯುವ ಅಂಟಿನ ದರ್ಜೆಯನ್ನೇ ಕೇಳಿ.

ಬಿರುಕಿಗೆ ಗಟ್ಟಿ ಮೆತ್ತಿಗೆ ಬೇಡ

ಏಪ್ರಿಲ್‌ನಲ್ಲಿ ಹಲಗೆಯಲ್ಲಿ ಬಿರುಕು ಕಂಡಾಗ ಕೈಗೆ ಸಿಕ್ಕ ಎಂ-ಸೀಲ್ ಮೆತ್ತಿ ಬಣ್ಣ ಬಳಿಯುವುದು ವಾಡಿಕೆ. ಆಗಸ್ಟ್‌ನಲ್ಲಿ ಮರ ಹಿಗ್ಗಿ ಬಿರುಕು ಮುಚ್ಚಿಕೊಳ್ಳಲು ಬಂದಾಗ ಅಲ್ಲಿ ಕಲ್ಲಿನಂಥ ಬೆಣೆ ಕೂತಿರುತ್ತದೆ. ಒಂದೋ ಮರ ಅದಕ್ಕೆ ಒತ್ತಿಕೊಂಡು ನಜ್ಜುಗುಜ್ಜಾಗುತ್ತದೆ, ಇಲ್ಲವೇ ಬಿರುಕು ತುದಿಯಲ್ಲಿ ಇನ್ನಷ್ಟು ಸೀಳುತ್ತದೆ. ಮುಂದಿನ ಬೇಸಿಗೆಯಲ್ಲಿ ಬಿರುಕು ಹಿಂದಿಗಿಂತ ಅಗಲ.

ಕೂದಲೆಳೆಯಷ್ಟು ಬಿರುಕಿಗೆ ಎಣ್ಣೆ ಉಣಿಸಿದರೆ ಸಾಕು. 2-3 ಮಿಲಿಮೀಟರಿನದಕ್ಕೆ ಬಣ್ಣ ಹಿಡಿಯುವ, ಒಣಗಿದ ಮೇಲೂ ರಬ್ಬರಿನಂತೆ ಬಳುಕುವ ಸೀಲಂಟ್ ತುಂಬಿ. ಅದಕ್ಕಿಂತ ದೊಡ್ಡ ಸಂದಿಗೆ ಅದೇ ಜಾತಿಯ ಮರದ ತೆಳು ಪಟ್ಟಿಯನ್ನು ಬೆಣೆಯಂತೆ ಕೆತ್ತಿ, ಒಂದೇ ಕಡೆಗೆ ಅಂಟು ಹಚ್ಚಿ ಕೂರಿಸಿ. ಇನ್ನೊಂದು ಕಡೆಗೆ ಮೇಣ ಸವರಿ. ಆ ಕಡೆ ಹಲಗೆ ಹಿಗ್ಗಿ ಕುಗ್ಗಿ ಮಾಡಿಕೊಳ್ಳಲಿ. ಅಡ್ಡಪಟ್ಟಿ ಮತ್ತು ನಿಲುವು ಪಟ್ಟಿ ಸೇರುವ ಕೂಡಿಕೆ ಬಿಟ್ಟಿದ್ದರೆ ಮಾತ್ರ ಎಪಾಕ್ಸಿ ಅಂಟು ಬೇಕು. ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆದು, ಹೊಸದನ್ನು ತುಂಬಿ, ಹಗ್ಗ ಸುತ್ತಿ ಕೋಲು ತಿರುವಿ ಬಿಗಿದು ಒಂದು ದಿನ ಇಡಿ.

ಹೊಸ್ತಿಲ ಬದಿಯ ಕೊಳೆತ

ಕದಕ್ಕಿಂತ ಬೇಗ ಹಾಳಾಗುವುದು ಚೌಕಟ್ಟಿನ ಬುಡ. ಕೊಯ್ದ ತುದಿಯಲ್ಲಿ ಮರದ ಎಳೆಗಳು ಹುಲ್ಲಿನ ಕೊಳವೆಗಳಂತೆ ಬಾಯಿ ತೆರೆದಿರುತ್ತವೆ, ಪಕ್ಕದಿಂದ ಹೀರುವುದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಅಲ್ಲಿಂದ ನೀರು ಹೀರುತ್ತವೆ. ನಾವು ದಿನಾ ಹೊಸ್ತಿಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ರಂಗೋಲಿ ಇಡುವ ಜಾಗವೂ ಅದೇ. ತೊಳೆಯುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ನಮ್ಮ ಅವ್ವ ತೊಳೆದ ಕೂಡಲೇ ಎರಡೂ ಮೂಲೆಗಳನ್ನು ಒಣಬಟ್ಟೆಯಿಂದ ಒತ್ತಿ ಒರೆಸುತ್ತಿದ್ದರು. ಆ ಮೂಲೆಗಳು ಇಂದಿಗೂ ಗಟ್ಟಿಯಾಗಿವೆ.

ಫೆಬ್ರವರಿಯಲ್ಲಿ, ಮಳೆಯ ತೇವ ಆರಿದ ಮೇಲೆ, ತೆಳು ಸ್ಕ್ರೂಡ್ರೈವರಿನಿಂದ ಬುಡವನ್ನು ಚುಚ್ಚಿ ನೋಡಿ. ಬಣ್ಣ ಸರಿಯಾಗಿಯೇ ಕಾಣುತ್ತಿದ್ದರೂ ಒಳಗೆ ರೊಟ್ಟಿಯ ಮೆದುವಿನಂತೆ ಹೂತುಹೋಗುವ ಜಾಗಗಳು ಸಿಗಬಹುದು. ಟೊಳ್ಳಾಗಿದ್ದು ಮಣ್ಣಿನ ಸಣ್ಣ ಸುರಂಗ ಕಂಡರೆ ಅದು ಗೆದ್ದಲು. ಮೊದಲು ಅದರ ಔಷಧೋಪಚಾರವನ್ನು ತಿಳಿದವರಿಂದ ಗೋಡೆಯ ಬುಡದ ಮಣ್ಣಿಗೂ ಮಾಡಿಸಿ, ಆಮೇಲೆ ಮರದ ಕೆಲಸ. ಬರೀ ಕೊಳೆತವಾದರೆ ಮೆದುವಾದ ಭಾಗಕ್ಕಿಂತ ಇನ್ನೂ ಒಂದು ಗೇಣು ಮೇಲಿನವರೆಗೆ ಕತ್ತರಿಸಿ ತೆಗೆಯಿರಿ. ಕತ್ತರಿಸಿದ ಮುಖ ಉದ್ದನೆಯ ಓರೆಯಾಗಿರಲಿ, ಹೊರಬದಿಗೆ ಇಳಿಜಾರಿರಲಿ, ಆಗ ನೀರು ಕೂಡಿಕೆಯಲ್ಲಿ ನಿಲ್ಲದೆ ಹೊರಗೆ ಜಾರುತ್ತದೆ. ಅದೇ ಜಾತಿಯ, ಚೆನ್ನಾಗಿ ಒಣಗಿದ ತುಂಡನ್ನು ಎಪಾಕ್ಸಿಯಿಂದಲೂ ಎರಡು ಸ್ಟೇನ್‌ಲೆಸ್ ಸ್ಕ್ರೂಗಳಿಂದಲೂ ಸೇರಿಸಿ. ಹೊಸ ತುಂಡಿನ ಕೆಳತುದಿಗೆ ಮೊದಲೇ ಎರಡು ಕೈ ಎಪಾಕ್ಸಿ ಹಚ್ಚಿರಬೇಕು. ಅದು ಕಲ್ಲಿಗೆ ತಾಗದೆ 5-6 ಮಿಲಿಮೀಟರ್ ಮೇಲೆ ನಿಲ್ಲಲಿ, ಆ ಸಂದಿಗೆ ಸೀಲಂಟ್ ತುಂಬಿ. ಸಿಮೆಂಟ್ ತುಂಬಿದರೆ ಅದೇ ನೀರನ್ನು ಹಿಡಿದು ಮರಕ್ಕೆ ಉಣಿಸುತ್ತದೆ.

ಮೇಲಿನ ಅಡ್ಡಪಟ್ಟಿಗೂ ಒಂದು ಮಾತು: ಯುಗಾದಿ, ದೀಪಾವಳಿಗೆ ತೋರಣ ಕಟ್ಟಲು ವರ್ಷವರ್ಷವೂ ಹೊಸ ಮೊಳೆ ಹೊಡೆಯಬೇಡಿ. ಎರಡು ಕೊಕ್ಕೆಗಳನ್ನು ಒಮ್ಮೆ ಹಾಕಿಬಿಡಿ.

ಬಣ್ಣ: ಆರೂ ಮುಖಕ್ಕೆ

ಒಂದು ಕೈಗನ್ನಡಿಯನ್ನು ಕದದ ಕೆಳಗೆ ತೂರಿಸಿ ನೋಡಿ. ಹತ್ತು ಬಾಗಿಲಿಗೆ ಎಂಟರಲ್ಲಿ ಅಲ್ಲಿ ಬರಿ ಮರ ಕಾಣುತ್ತದೆಂದೇ ನನ್ನ ಅನುಭವ. ನೇತಾಡುತ್ತಿರುವ ಕದಕ್ಕೆ ಬಣ್ಣ ಹೊಡೆಯುವವರ ಕುಂಚ ಕೆಳಅಂಚಿಗೆ ಹೋಗುವುದೇ ಇಲ್ಲ. ನಿಲುವು ಪಟ್ಟಿಗಳ ಕೊಯ್ದ ತುದಿ ಇರುವುದೇ ಅಲ್ಲಿ. ಮಳೆಗಾಲವಿಡೀ ಅದು ನೀರು ಕುಡಿಯುತ್ತದೆ. ಹೆರೆಯಲು ಕದ ಇಳಿಸಿದ ದಿನವೇ ಕೆಳ ಮತ್ತು ಮೇಲಿನ ಅಂಚುಗಳಿಗೆ ಬೇಗ ಒಣಗುವ ಎಪಾಕ್ಸಿಯನ್ನೋ ವಾರ್ನಿಷನ್ನೋ ಎರಡು ಕೈ ಕೊಡಿ. ಮುಂಭಾಗಕ್ಕೆ ಮೂರು ಕೈ, ಹಿಂಭಾಗಕ್ಕೆ ಒಂದೇ ಕೈ ಹೊಡೆಯುವುದೂ ತಪ್ಪು. ಒಂದು ಮುಖ ತೇವ ಹೀರಿ ಇನ್ನೊಂದು ಹೀರದಿದ್ದರೆ ಕದ ಬಾಗುತ್ತದೆ.

ಪೂರ್ತಿ ಬಣ್ಣದ ಕೆಲಸಕ್ಕೆ ಏಪ್ರಿಲ್ ಒಳ್ಳೆಯದು. ಒಳಹಲಗೆ ಅತ್ಯಂತ ಕುಗ್ಗಿರುವ ಕಾಲವದು, ಅದರ ಎರಡೂ ಬದಿಯಲ್ಲಿ ಬಣ್ಣ ಕಾಣದ ಬಿಳಚಿದ ಗೆರೆಯೊಂದು ಕಚ್ಚಿನಿಂದ ಹೊರಗೆ ಇಣುಕುತ್ತದೆ. ಆ ಗೆರೆಗೆ ಆಗಲೇ ಬಣ್ಣ ಹತ್ತಿಸಿದರೆ ಮುಂದೆ ಯಾವ ಬೇಸಿಗೆಯಲ್ಲೂ ಬರಿ ಮರ ಕಾಣದು. ಆದರೆ ಬಿಸಿಲು ಬಿದ್ದು ಕಾದ ಮರಕ್ಕೆ ಬಳಿಯಬೇಡಿ, ಗುಳ್ಳೆ ಏಳುತ್ತದೆ. ಪಶ್ಚಿಮದ ಬಾಗಿಲಿಗೆ ಬೆಳಗಿನ ಹೊತ್ತೇ ಸರಿ.

ಅರಗಿನಿಂದ ಮಾಡಿದ ಫ್ರೆಂಚ್ ಪಾಲಿಶ್ ಹೊರಬಾಗಿಲಿಗಲ್ಲ, ನೀರು ತಾಗಿದರೆ ಬೆಳ್ಳಗಾಗುತ್ತದೆ. ಹೊರಾಂಗಣಕ್ಕೆಂದೇ ಮಾಡಿದ ಪಾಲಿಯುರೆಥೇನ್ ಅಥವಾ ಎನಾಮೆಲ್ ಬಳಸಿ. ಅಗಸೆ ಎಣ್ಣೆ ಹಚ್ಚುವವರು ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಲೇಬಾರದು. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಹೋಗದೆ ಬಟ್ಟೆಗೆ ಬೆಂಕಿ ಹತ್ತುತ್ತದೆ. ಅದನ್ನು ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜುವುದೂ ಅಪಾಯ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದ ಪುಡಿಯಲ್ಲಿ ಸೀಸ ಇದ್ದೇ ಇದೆ ಎಂದು ಭಾವಿಸಿ, ನೀರು ಹಚ್ಚುತ್ತ ಉಜ್ಜಿ, ಮೂಗಿಗೆ ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ.

ಕಬ್ಬಿಣ ಮತ್ತು ಯುಪಿವಿಸಿ ಬಾಗಿಲು

ಬೆಳಿಗ್ಗೆ ಸಲೀಸಾಗಿ ಬೀಳುವ ಚಿಲಕ ಮಧ್ಯಾಹ್ನ ಬೀಳದಿದ್ದರೆ ಅದು ಬಿಸಿಲಿನ ಕೆಲಸ. 2.1 ಮೀಟರ್ ಎತ್ತರದ ಕಬ್ಬಿಣದ ಬಾಗಿಲು 40 ಡಿಗ್ರಿ ಹೆಚ್ಚು ಕಾದರೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಾಗಿಲು 5-6 ಮಿಲಿಮೀಟರ್ ಬೆಳೆಯಬಹುದು. ಬಾಗಿಲನ್ನು ಕತ್ತರಿಸುವ ಬದಲು ಚಿಲಕ ಕೂರುವ ತೂತನ್ನು ಅರದಿಂದ ಮೇಲಕ್ಕೂ ಕೆಳಕ್ಕೂ 2 ಮಿಲಿಮೀಟರ್ ಉಜ್ಜಿ ಉದ್ದ ಮಾಡಿ. ಕಡುಬಣ್ಣ ತೆಗೆದು ತಿಳಿಬಣ್ಣ ಬಳಿದರೆ ಬಾಗಿಲು ಕಾಯುವುದೇ ಕಡಿಮೆಯಾಗುತ್ತದೆ. ಕಬ್ಬಿಣದ ಬಾಗಿಲಿನ ಕೆಳಪಟ್ಟಿಯಲ್ಲಿ ನೀರು ಹೊರಹೋಗುವ ತೂತು ಮುಚ್ಚಿದ್ದರೆ ತಂತಿಯಿಂದ ಬಿಡಿಸಿ, ಇಲ್ಲದಿದ್ದರೆ ಹೊಸದಾಗಿ ಕೊರೆಯಿರಿ. ತುಕ್ಕು ಶುರುವಾಗುವುದು ಆ ನಿಂತ ನೀರಿನಿಂದ.

ಯಾವ ಬಾಗಿಲೇ ಆಗಲಿ, ಕೆಳಗಿನ 5-6 ಮಿಲಿಮೀಟರ್ ಸಂದಿಯಲ್ಲಿ ಚೇಳು, ದೂಳು ಬಾರದಂತೆ ಕೂದಲಿನ ಬ್ರಷ್ ಪಟ್ಟಿ ಹಾಕಬಹುದು. ಅದರ ಸ್ಕ್ರೂ ತೂತುಗಳು ಉದ್ದನೆಯವಿರಲಿ. ಬೇಕಾದಾಗ ಪಟ್ಟಿಯನ್ನು ತುಸು ಇಳಿಸಿಯೋ ಏರಿಸಿಯೋ ಬಿಗಿಯಬಹುದು.